ತನ್ನದೇ ಅಂಕಿತ



ಈ ಸಲದ ಸಂಕ್ರಾಂತಿಯ ಜಾತ್ರೆಯಲ್ಲಿ, ನಂದಿಧ್ವಜಗಳು ಸಾಗಿಹೋಗಿ ಜನ ಚದುರುತ್ತಿದ್ದ ಹೊತ್ತಿನಲ್ಲಿ, ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯ ಮೇಲೆ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ನನ್ನ ಕೈಯಲ್ಲಿ ಕಲಿತವನು. ಈಗ ಸೊಲ್ಲಾಪುರದಲ್ಲಿ ಕಾಲೇಜು ಓದುತ್ತಿದ್ದಾನೆ. "ಸರ್, ಹುಡುಗ ದಿನಾ ಕಿವಿಗೆ ಹಚ್ಚಿಕೊಂಡು ಅದೇನೋ ಚೀರಾಟ ಕೇಳತಾನ. ಪಂಕ್ ಅಂತ. ಹಾಡೋ ಮಂದಿ ಚಿತ್ರ ಗ್ವಾಡಿಗೆ ಅಂಟಿಸ್ಯಾನ. ನೋಡಿದರ ಅಂಜಿಕಿ ಬರ್ತದ. ಹುಡುಗ ಕೆಟ್ಟನೇನ್ರಿ?" ಎಂದು ಕೇಳಿದರು.

ಆ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡುವ ಧೈರ್ಯ ನನಗಾಗಲಿಲ್ಲ. ಕೇಳದ ಸಂಗೀತದ ಬಗೆಗೆ ತೀರ್ಪು ಕೊಡುವುದೆಂದರೆ ನೋಡದ ಉತ್ತರಪತ್ರಿಕೆಗೆ ಅಂಕ ಹಾಕಿದಂತೆ. ಮುಂದಿನ ರವಿವಾರ ಅವರ ಊರಿಗೆ ಹೋದೆ. ಹುಡುಗನೂ ಬಂದಿದ್ದ. ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಮೊಬೈಲಿನಲ್ಲಿ ಮೂರು ಹಾಡುಗಳನ್ನು ಕೇಳಿಸಿದ. ಮೊದಲನೆಯ ಹಾಡು ನನಗೆ ಹಿಡಿಸಲಿಲ್ಲವೆಂದು ನಾನು ನಿರ್ಧರಿಸುವುದರೊಳಗೆ ಅದು ಮುಗಿದೇ ಹೋಗಿತ್ತು. ಎರಡನೆಯದರಲ್ಲಿ ತಾಳ ಸಿಕ್ಕಿತು. ಮೂರನೆಯದರ ಹೊತ್ತಿಗೆ, ಹಾಡುತ್ತಿರುವವನು ಸಿಟ್ಟಿನಲ್ಲಿದ್ದಾನೆ, ಆದರೆ ಸುಳ್ಳು ಹೇಳುತ್ತಿಲ್ಲ ಎನಿಸಿತು. ಆ ದಿನ ಅವನಿಂದ ತಿಳಿದುಕೊಂಡುದನ್ನೂ, ಅನಂತರ ನಾನೇ ಓದಿ ತಿಳಿದುದನ್ನೂ, ಜೊತೆಗೆ ನನ್ನದೇ ಒಂದು ತಪ್ಪನ್ನೂ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ಪಂಕ್ ಎಂಬುದು ಮೂಲತಃ ಬೈಗುಳ. ಪುಂಡ, ಕೆಲಸಕ್ಕೆ ಬಾರದವ ಎಂಬ ಅರ್ಥದ ಆ ಶಬ್ದವನ್ನು ಆ ಗಾಯಕರು ಹಣೆಪಟ್ಟಿಯಂತೆ ಕಟ್ಟಿಕೊಂಡರು. 1970ರ ದಶಕದ ನಡುವಿನ ಹೊತ್ತಿಗೆ ಪಾಶ್ಚಾತ್ಯ ರಾಕ್ ಸಂಗೀತವು ಶ್ರೀಮಂತರ ಸೊತ್ತಾಗಿತ್ತು. ದುಬಾರಿ ವಾದ್ಯಗಳು, ಭಾರಿ ರಂಗಸಜ್ಜಿಕೆ, ಹತ್ತು ಹದಿನೈದು ನಿಮಿಷ ಮುಗಿಯದ ವಾದನ ಇವೆಲ್ಲ ಇದ್ದರೆ ಮಾತ್ರ ಸಂಗೀತ ಎಂಬ ಭಾವನೆ ಬೆಳೆದಿತ್ತು. ಇತ್ತ ಇಂಗ್ಲೆಂಡಿನಲ್ಲಿ 1976ರ ಹೊತ್ತಿಗೆ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಗಿರಣಿ ಮುಚ್ಚಿದ ಮೇಲೆ ಓಣಿಯ ಹುಡುಗರು ಏನಾಗುತ್ತಾರೆ ಎಂಬುದನ್ನು ಸೊಲ್ಲಾಪುರದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹುಡುಗರು, ಅಂಥ ಹುಡುಗಿಯರು, ಸಂಗೀತಶಾಲೆಯ ಮೆಟ್ಟಿಲು ಹತ್ತದೆಯೇ ಗಿಟಾರು ಹಿಡಿದರು. ಮೂರು ಸ್ವರಮೇಳ ನುಡಿಸಲು ಬಂದರೆ ಸಾಕು, ತಂಡ ಕಟ್ಟಬಹುದು ಎಂಬುದೇ ಅವರ ಶಾಸ್ತ್ರವಾಯಿತು.

ನ್ಯೂಯಾರ್ಕಿನಲ್ಲಿ 1974ರಲ್ಲಿ ರಮೋನ್ಸ್ ಎಂಬ ತಂಡ ಹುಟ್ಟಿತು. ನಾಲ್ವರೂ ಸೋದರರಲ್ಲ, ಆದರೂ ರಮೋನ್ ಎಂಬ ಒಂದೇ ಅಡ್ಡಹೆಸರನ್ನು ಇಟ್ಟುಕೊಂಡರು. 1976ರ ಏಪ್ರಿಲಿನಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ 14 ಹಾಡುಗಳು. ಎಲ್ಲವೂ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಮತ್ತು ಕ್ಲ್ಯಾಶ್ ಎಂಬ ತಂಡಗಳು ಹೆಸರಾದವು.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಈ ತಂಡಗಳ ಕೀರ್ತಿಯಲ್ಲ, ಅವರ ಕೇಳುಗರ ಕಥೆ. 1976ರ ಜೂನ್ 4ರಂದು ಸೆಕ್ಸ್ ಪಿಸ್ಟಲ್ಸ್ ತಂಡವು ಮ್ಯಾಂಚೆಸ್ಟರಿನ ಒಂದು ಸಣ್ಣ ಸಭಾಗೃಹದಲ್ಲಿ ಹಾಡಿತು. ಮ್ಯಾಂಚೆಸ್ಟರ್ ಎಂದರೆ ಹತ್ತಿಗಿರಣಿಗಳ ಊರು, ಒಂದರ್ಥದಲ್ಲಿ ನಮ್ಮ ಸೊಲ್ಲಾಪುರದ ದೊಡ್ಡಣ್ಣ. ಆ ದಿನ ಕೇಳಲು ಬಂದವರು ಬೆರಳೆಣಿಕೆಯ ಮಂದಿ. ಅವರಲ್ಲಿ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಎಂಬ ಗೆಳೆಯರಿದ್ದರು. ಹುಕ್ ಮರುದಿನವೇ ಹೋಗಿ ಬೇಸ್ ಗಿಟಾರು ಕೊಂಡ. ಆಗ ಅವನಿಗೆ ಅದನ್ನು ನುಡಿಸಲು ಬರುತ್ತಿರಲಿಲ್ಲ. ಇವರಿಬ್ಬರಿಂದ ಮುಂದೆ ಜಾಯ್ ಡಿವಿಷನ್ ಎಂಬ ತಂಡ ಹುಟ್ಟಿ ಪ್ರಖ್ಯಾತವಾಯಿತು. ಅದೇ ವರ್ಷ ಜುಲೈ 3ರಂದು, ತನ್ನ 19ನೆಯ ಹುಟ್ಟುಹಬ್ಬದ ದಿನ, ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಿನಲ್ಲಿ ಒಬ್ಬ ಹುಡುಗಿ ಅದೇ ತಂಡವನ್ನು ಕೇಳಿದಳು. ಅವಳ ತಂದೆ ಸೋಮಾಲಿಯಾದವ, ತಾಯಿ ಬ್ರಿಟನ್ನಿನವಳು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದವಳು. ಅಂಥವಳು ಹಾಡಲು ನಿಲ್ಲುವುದುಂಟೇ ಎಂದು ಲೋಕ ಕೇಳುವ ಮೊದಲೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಂಡ ಕಟ್ಟಿದಳು. ಪಾಲಿ ಸ್ಟೈರೀನ್ ಎಂಬ ಹೆಸರಿನಿಂದ ಅವಳು ಪ್ರಸಿದ್ಧಳಾದಳು. ತಂತಿಯನ್ನು ಮುಚ್ಚಿಕೊಳ್ಳಲಿಲ್ಲ, ಮೈಬಣ್ಣವನ್ನೂ ಮುಚ್ಚಿಕೊಳ್ಳಲಿಲ್ಲ.

ಅಂದರೆ, ಈ ಗಾಯಕರನ್ನು ಮೆಚ್ಚಿದವರು ಮೆಚ್ಚಿ ಸುಮ್ಮನೆ ಕುಳಿತುಕೊಳ್ಳಲಿಲ್ಲ. ತಾವೂ ಬಾಯಿ ತೆರೆದರು.

ಇನ್ನೊಂದು ಸಂಗತಿಯನ್ನು ಆ ಹುಡುಗನೇ ನನಗೆ ತೋರಿಸಿಕೊಟ್ಟ. ಅದಕ್ಕೆ ಮುಂಚೆ ಇಂಗ್ಲೆಂಡಿನ ರಾಕ್ ಗಾಯಕರು ಹಾಡುವಾಗ ಅಮೇರಿಕದವರ ಉಚ್ಚಾರವನ್ನು ಅನುಕರಿಸುವುದು ಸಾಮಾನ್ಯವಾಗಿತ್ತು. ಪಂಕ್ ಗಾಯಕರು ಲಂಡನ್ನಿನ ಓಣಿಯ ಉಚ್ಚಾರದಲ್ಲಿಯೇ, ಮ್ಯಾಂಚೆಸ್ಟರಿನ ಉಚ್ಚಾರದಲ್ಲಿಯೇ ಹಾಡಿದರು. "ಸರ್, ಅವರು ತಮ್ಮ ಮನಿ ಮಾತಿನಾಗ ಹಾಡ್ಯಾರ. ಅದಕ್ಕ ನನಗ ಹಿಡಿಸ್ತು" ಎಂದ. ಸ್ವಲ್ಪ ತಡೆದು, ತಲೆ ತಗ್ಗಿಸಿ, ತನ್ನ ವಿಷಯ ಹೇಳಿದ.

ಕಾಲೇಜಿನ ಮೊದಲ ವರ್ಷ ಅವನು ತರಗತಿಯಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲವಂತೆ. ಮರಾಠಿ ಮಾತಾಡಿದರೆ ಕನ್ನಡದವನೆಂದು ಗೊತ್ತಾಗಿ ನಗುತ್ತಿದ್ದರು. ಇಂಗ್ಲಿಷು ಬರುತ್ತಿರಲಿಲ್ಲ. ಬೆಂಗಳೂರಿನ ಕಡೆಯಿಂದ ಬಂದಿದ್ದ ಒಬ್ಬ ಕನ್ನಡಿಗ ಸಿಕ್ಕನೆಂದು ಸಂತೋಷದಿಂದ ಮಾತಾಡಿದರೆ, ಅವನೂ ಇವನ ಕನ್ನಡ ಕೇಳಿ ನಕ್ಕ. ಮೂರು ಭಾಷೆಗಳ ನಡುವೆ ನಿಂತ ಹುಡುಗನಿಗೆ ಮಾತಾಡಲು ಒಂದೂ ಉಳಿಯಲಿಲ್ಲ. "ಒಂದು ವರ್ಷ ನಾ ಮೂಕ ಇದ್ದೆ ಸರ್" ಎಂದ. ಗೆಳೆಯನೊಬ್ಬನ ಮೊಬೈಲಿನಲ್ಲಿ ಈ ಹಾಡುಗಳನ್ನು ಕೇಳಿದ್ದು ಆ ವರ್ಷದಲ್ಲಿ. ಅರ್ಥ ಪೂರ್ತಿ ಆಗಿರಲಿಲ್ಲ. ಆದರೆ ಸೊಟ್ಟ ಉಚ್ಚಾರದಲ್ಲಿ, ಹದಗೊಳ್ಳದ ಕಂಠದಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಒಬ್ಬ ಮನುಷ್ಯ ಹಾಡಬಲ್ಲ ಎಂಬುದಷ್ಟು ಅರ್ಥವಾಗಿತ್ತು. ಮುಂದಿನ ವರ್ಷ ಅವನು ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ, ತನಗೆ ಬರುವ ಮರಾಠಿಯಲ್ಲಿಯೇ.

ಈ ಮಾತು ಕೇಳುತ್ತಿದ್ದಂತೆ ನನಗೆ ಅವನ ಐದನೆಯ ಇಯತ್ತೆಯ ನಿಬಂಧದ ವಹಿ ನೆನಪಾಯಿತು. "ನಮ್ಮೂರ ಜಾತ್ರೆ" ಎಂಬ ವಿಷಯದ ಮೇಲೆ ಅವನು ಎರಡು ಪುಟ ಬರೆದಿದ್ದ. ಮನೆಯಲ್ಲಿ ಅಜ್ಜನೊಡನೆ ಆಡುವ ಮಾತಿನಲ್ಲಿಯೇ ಬರೆದಿದ್ದ. ನಾನು ಕೆಂಪು ಶಾಯಿಯಿಂದ ಸಾಲುಸಾಲನ್ನೂ ಹೊಡೆದುಹಾಕಿ, ಕೊನೆಗೆ "ಅಶುದ್ಧ ಭಾಷೆ" ಎಂದು ಬರೆದು, ತರಗತಿಯ ಮುಂದೆ ಓದಿ ತೋರಿಸಿದ್ದೆ. ಮಕ್ಕಳು ನಕ್ಕಿದ್ದರು. ಗ್ರಂಥಭಾಷೆಯನ್ನು ಕಲಿಸುವುದು ನನ್ನ ಕರ್ತವ್ಯವಾಗಿತ್ತು. ಈ ಅಂಕಣವನ್ನೂ ಅದೇ ಭಾಷೆಯಲ್ಲಿ ಬರೆಯುತ್ತಿದ್ದೇನೆ, ಅದರ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಆದರೆ ಹೊಸ ಅಂಗಿ ಕೊಡುವುದಕ್ಕಾಗಿ ಮೈತೊಗಲನ್ನೇ ಸುಲಿಯಬೇಕಾಗಿರಲಿಲ್ಲ. ಕಾಲೇಜಿನಲ್ಲಿ ಅವನನ್ನು ನೋಡಿ ನಕ್ಕವರಿಗಿಂತ ಎಷ್ಟೋ ವರ್ಷ ಮೊದಲು ಆ ನಗೆಯನ್ನು ಆರಂಭಿಸಿದವನು ನಾನೇ. ಈ ಮಾತನ್ನು ಅವನಿಗೆ ಹೇಳಿದೆ. "ಇರ್ಲಿ ಬಿಡ್ರಿ ಸರ್" ಎಂದ. ಅವನು ಮರೆತಿರಲಿಲ್ಲವೆಂಬುದು ಆ ಉತ್ತರದಿಂದಲೇ ತಿಳಿಯಿತು.

ಇನ್ನು ತಾಯಿಯವರ ಅಂಜಿಕೆಯ ಮಾತು. ಅದು ನಿರಾಧಾರವಾದುದೆಂದು ನಾನು ಹೇಳಲಾರೆ. ಸೆಕ್ಸ್ ಪಿಸ್ಟಲ್ಸ್ ತಂಡದ ಸಿಡ್ ವಿಶಸ್ ಎಂಬ ತರುಣ 1979ರ ಫೆಬ್ರುವರಿ 2ರಂದು ಹೆರಾಯಿನ್ ಸೇವನೆಯಿಂದ ಸತ್ತಾಗ ಅವನ ವಯಸ್ಸು ಕೇವಲ 21. ಅವನ ಚಿತ್ರವನ್ನೂ ಎಷ್ಟೋ ಹುಡುಗರು ಗೋಡೆಗೆ ಅಂಟಿಸಿಕೊಂಡರು. ಸಾವನ್ನು ಶೌರ್ಯವೆಂದು ತಿಳಿಯುವ ಅಭಿಮಾನವು ಅಭಿಮಾನವಲ್ಲ, ಅದು ಭ್ರಮೆ.

ಆದರೆ ಅದೇ ಪಂಕ್ ಪರಂಪರೆಯಲ್ಲಿ ವಾಷಿಂಗ್ಟನ್ನಿನ ಇಯಾನ್ ಮೆಕೈ ಎಂಬ ಹುಡುಗನಿದ್ದಾನೆ. ಹತ್ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, 1981ರಲ್ಲಿ, ಅವನ ಮೈನರ್ ಥ್ರೆಟ್ ತಂಡವು ಒಂದು ನಿಮಿಷವೂ ಇಲ್ಲದ ಒಂದು ಹಾಡನ್ನು ಹೊರತಂದಿತು. ತನಗೆ ಕುಡಿತ ಬೇಡ, ಮಾದಕ ವಸ್ತು ಬೇಡ, ಎಚ್ಚರದಲ್ಲಿರುವುದೇ ತನ್ನ ಬಲ ಎಂಬುದು ಅದರ ತಾತ್ಪರ್ಯ. ಆ ಕಾಲದ ಸಂಗೀತಗೃಹಗಳಲ್ಲಿ, ಎಳೆಯ ವಯಸ್ಸಿನವರಿಗೆ ಮದ್ಯ ಕೊಡಬಾರದೆಂದು ಅವರ ಮುಂಗೈಯ ಮೇಲೆ ಗುಣಾಕಾರದ ಚಿಹ್ನೆಯನ್ನು ಬರೆಯುತ್ತಿದ್ದರು. ಮೆಕೈಯ ಅಭಿಮಾನಿಗಳು, ವಯಸ್ಸು ಬಂದ ಮೇಲೂ, ಆ ಗುರುತನ್ನು ತಾವೇ ಬರೆದುಕೊಂಡು ಕುಡಿಯದೆ ಉಳಿದರು. ಅವನು ಚಳವಳಿ ಕಟ್ಟಲು ಹೊರಟವನಲ್ಲ. ಆದರೂ ಆ ಹಾಡಿನ ಹೆಸರಿನಿಂದಲೇ ಸ್ಟ್ರೇಟ್ ಎಜ್ ಎಂಬ ಜೀವನಕ್ರಮ ಹಲವು ದೇಶಗಳಿಗೆ ಹಬ್ಬಿತು. ನಮ್ಮ ಊರುಗಳಲ್ಲಿ ಜಾತ್ರೆಯ ರಾತ್ರಿ ಏನೇನು ನಡೆಯುತ್ತದೆಂಬುದನ್ನು ಬಲ್ಲ ತಾಯಂದಿರು ಈ ಹಾಡುಗಾರನನ್ನು ಅಷ್ಟು ಬೇಗ ಬೈಯಲಿಕ್ಕಿಲ್ಲ.

ಇನ್ನೊಬ್ಬನು ಬಿಲ್ಲಿ ಬ್ರ್ಯಾಗ್. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣದ್ವೇಷದ ವಿರುದ್ಧ ಬೃಹತ್ ಸಂಗೀತ ಸಭೆ ನಡೆಯಿತು. ಕ್ಲ್ಯಾಶ್ ತಂಡ ಹಾಡಿತು. ಇಪ್ಪತ್ತರ ಬ್ರ್ಯಾಗ್ ಹೋದದ್ದು ಮುಖ್ಯವಾಗಿ ಕ್ಲ್ಯಾಶ್ ಕೇಳುವುದಕ್ಕಾಗಿ. ಅಲ್ಲಿ ಸೇರಿದ್ದ ಜನಸ್ತೋಮವನ್ನು ಕಂಡು, ಅನ್ಯಾಯದ ಮಾತು ಕಿವಿಗೆ ಬಿದ್ದಾಗ ಇನ್ನು ಮುಂದೆ ತಾನು ಸುಮ್ಮನಿರಬಾರದೆಂಬ ಅರಿವು ಪಡೆದು ಮರಳಿದ. ಮುಂದೆ 1984-85ರ ಗಣಿ ಕಾರ್ಮಿಕರ ಮುಷ್ಕರದ ಕಾಲದಲ್ಲಿ ಅವರಿಗಾಗಿ ಹಾಡಿದ, ಇಂದಿಗೂ ಹಾಡುತ್ತಿದ್ದಾನೆ. ಸಿಡ್‌ನನ್ನು ಮೆಚ್ಚಿದವರೂ ಅಭಿಮಾನಿಗಳೇ, ಬ್ರ್ಯಾಗ್‌ನೂ ಅಭಿಮಾನಿಯೇ. ಮಗ ಯಾರನ್ನು ಮೆಚ್ಚಿದ್ದಾನೆಂಬುದಕ್ಕಿಂತ, ಮೆಚ್ಚಿ ಏನಾಗುತ್ತಿದ್ದಾನೆಂಬುದನ್ನು ನೋಡಬೇಕು.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಆ ತಾಯಿ ನನ್ನನ್ನು ಪ್ರಶ್ನಿಸಿದ ಕೆರೆಯ ದಂಡೆಯನ್ನೇ ನೆನೆಯಿರಿ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅದೇ ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸುತ್ತಿದ್ದ, ಲಿಂಗಗಳನ್ನು ಸ್ಥಾಪಿಸುತ್ತಿದ್ದ. ಅಲ್ಲಿಗೆ ಅಲ್ಲಮಪ್ರಭು ಬಂದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಮಣ್ಣು ಹೊರುವವರ ಒಡೆಯನೆಂದು ಅಲ್ಲಮ ಅವನನ್ನು ಹಂಗಿಸುತ್ತಾನೆ, ಕೆಲಸಗಾರರು ರೊಚ್ಚಿಗೆದ್ದು ಕಲ್ಲು ತೂರುತ್ತಾರೆ, ಸಿದ್ಧರಾಮನೂ ಕೋಪಗೊಳ್ಳುತ್ತಾನೆ. ಕೊನೆಗೆ ಆ ಒರಟು ಮಾತಿನೊಳಗಿನ ನಿಜ ಅವನಿಗೆ ಕಾಣುತ್ತದೆ. ಅಲ್ಲಮನನ್ನು ಮೆಚ್ಚಿ, ಅವನೊಡನೆ ಕಲ್ಯಾಣಕ್ಕೆ ಹೋಗುತ್ತಾನೆ. ಅಲ್ಲಮ, ಬಸವಣ್ಣ, ಚೆನ್ನಬಸವಣ್ಣರನ್ನು ತುಂಬುಹೃದಯದಿಂದ ಹೊಗಳುತ್ತಾನೆ.

ಆದರೆ ಒಂದು ವಿಷಯವನ್ನು ಗಮನಿಸಿ. ಸಿದ್ಧರಾಮನು ಅಲ್ಲಮನ ಗುಹೇಶ್ವರನನ್ನಾಗಲಿ ಬಸವಣ್ಣನ ಕೂಡಲಸಂಗಮದೇವನನ್ನಾಗಲಿ ತನ್ನ ಅಂಕಿತವಾಗಿ ಎತ್ತಿಕೊಳ್ಳಲಿಲ್ಲ. ಅವನ ವಚನಗಳ ಕೊನೆಗೆ ಇರುವುದು ಕಪಿಲಸಿದ್ಧ ಮಲ್ಲಿಕಾರ್ಜುನ. ದೋಣಿ ನಡೆಸುವ ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ. ಅಕ್ಕಿ ಆಯುವ ಲಕ್ಕಮ್ಮನಿಗೆ ಅವಳದೇ ಅಂಕಿತವಿತ್ತು. ಒಬ್ಬರನ್ನೊಬ್ಬರು ಅಷ್ಟೊಂದು ಮೆಚ್ಚಿದ ಜನ ಒಬ್ಬರ ನೆರಳಲ್ಲಿ ಮತ್ತೊಬ್ಬರು ಕರಗಿಹೋಗಲಿಲ್ಲ. ಮೆಚ್ಚುಗೆಗೂ ಅನುಕರಣೆಗೂ ನಡುವಿನ ಅಂತರ ಆ ಕೊನೆಯ ಒಂದು ಪದದಲ್ಲಿದೆ.

ಈ ಧಾರೆ ಅಲ್ಲಿಗೇ ನಿಲ್ಲಲಿಲ್ಲ. ಕಲಬುರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳಿಗೆ ಮನಸೋತವರಲ್ಲಿ ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ, ರಾಂಪುರದ ಬಕ್ಕಪ್ಪ ಮೊದಲಾದವರು ತಾವೇ ಪದಕಾರರಾದರು. ಜಾತಿ ಬೇರೆ, ಮತ ಬೇರೆ. ಕೈಯಲ್ಲಿನ ಏಕತಾರಿ ಒಂದೇ. 1933ರಲ್ಲಿ, ಗದುಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯ ಹುಚ್ಚಿನಿಂದ ಮನೆ ಬಿಟ್ಟು ಓಡಿಹೋದ. ಅವನ ತಂದೆ ಶಾಲಾ ಶಿಕ್ಷಕರು. ಮಗನನ್ನು ದೂರದ ಜಲಂಧರದಲ್ಲಿ ಪತ್ತೆಮಾಡಿ ಕರೆತಂದರು. ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ಅವನ ಅಭ್ಯಾಸ ನಡೆಯಿತು. ಆ ಹುಡುಗ ಭೀಮಸೇನ ಜೋಶಿಯವರಾದರು. ಖಾನರ ಕಂಠ ಮೃದು, ಇವರದು ಗುಡುಗು. ಕನ್ನಡದ ದಾಸವಾಣಿಯನ್ನೂ ಮರಾಠಿಯ ಅಭಂಗವಾಣಿಯನ್ನೂ ಒಂದೇ ಕೊರಳಿನಲ್ಲಿ ಹಾಡಿದ ಅವರನ್ನು ನಮ್ಮ ಜಿಲ್ಲೆಯ ಪಂಢರಪುರದ ದಾರಿ ಹಿಡಿದವರೆಲ್ಲ ಬಲ್ಲರು.

ಪಂಕ್ ಹುಟ್ಟಿದ ಅದೇ ದಶಕದಲ್ಲಿ, 1975ರಲ್ಲಿ, ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು" ಪ್ರಕಟವಾಯಿತು. ಆ ಹಾಡುಗಳು ಪುಸ್ತಕದಲ್ಲಿ ಉಳಿಯದೆ ಮೆರವಣಿಗೆಗಳಲ್ಲಿ ತಮಟೆಯ ಜೊತೆ ಬೀದಿಗೆ ಬಂದವು. ಹಾಡಿದವರಲ್ಲಿ ಹೆಚ್ಚಿನವರು ಸಂಗೀತ ಕಲಿತವರಲ್ಲ. ನಮ್ಮ ಕಾಲದಲ್ಲಿ ರಘು ದೀಕ್ಷಿತರು ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಅಳವಡಿಸಿ, ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋದರು. ಷರೀಫರು ತೀರಿಕೊಂಡದ್ದು 1889ರಲ್ಲಿ. ಒಂದು ಹಾಡಿನ ಪ್ರಭಾವ ಎಷ್ಟು ಕಾಲ ಇರುತ್ತದೆಂದು ಕೇಳುವವರು ಈ ಲೆಕ್ಕವನ್ನು ಮಾಡಿಕೊಳ್ಳಬಹುದು.

ಕಟ್ಟೆಯ ಮೇಲಿನ ಆ ರವಿವಾರಕ್ಕೆ ಮರಳುತ್ತೇನೆ. ನಾವು ಹಾಡು ಕೇಳುತ್ತಿದ್ದಾಗ ಹುಡುಗನ ಅಜ್ಜ ಒಳಗಿನಿಂದ ಬಂದು ಕುಳಿತರು. ಮೈಂದರ್ಗಿ, ದುಧನಿಯ ಸುತ್ತಿನ ಎಷ್ಟೋ ಊರುಗಳಂತೆ ಅವರ ಊರಿನಲ್ಲಿಯೂ ಭಜನೆಯ ಮೇಳವಿದೆ. ಒಂದು ಏಕತಾರಿ, ಒಂದು ದಪ್ಪು, ನಾಲ್ಕು ಜೋಡಿ ತಾಳ. ಅಮಾವಾಸ್ಯೆಯ ರಾತ್ರಿ ಅಜ್ಜನೇ ಮುಂದಾಳು. ಸ್ವಲ್ಪ ಹೊತ್ತು ಕೇಳಿ, "ಏನಂತಾರೋ ಅವರು?" ಎಂದು ಮೊಮ್ಮಗನನ್ನು ಕೇಳಿದರು. ಹುಡುಗ ತಡವರಿಸಿ, "ಅಜ್ಜಾ, ಹಾಡಾಕ ದೊಡ್ಡ ವಿದ್ಯೆ ಬೇಕಾಗಿಲ್ಲ, ಯಾರ ಬೇಕಾದರೂ ಹಾಡಬೌದು ಅಂತಾರ" ಎಂದ. ಅಜ್ಜ ನಕ್ಕು, "ಇದನ್ನ ಕಲಿಯಾಕ ಅಷ್ಟು ದೂರ ಹೋಗಿದ್ದೇನು? ನಮ್ಮ ಮೇಳದಾಗ ಇಷ್ಟು ವರ್ಷ ಏನು ನಡದದ?" ಎಂದರು. ಹುಡುಗ ಉತ್ತರ ಕೊಡಲಿಲ್ಲ. ಆದರೆ ಮುಂದಿನ ಅಮಾವಾಸ್ಯೆಗೆ ಸೊಲ್ಲಾಪುರದಿಂದ ಬಸ್ಸು ಹಿಡಿದು ಬಂದು, ಮೇಳದಲ್ಲಿ ಕುಳಿತು ತಾಳ ಹಾಕಿದನೆಂದು ತಾಯಿಯವರು ಫೋನು ಮಾಡಿ ತಿಳಿಸಿದರು. ಅವರ ಧ್ವನಿಯಲ್ಲಿ ಅಂಜಿಕೆ ಪೂರ್ತಿ ಹೋಗಿರಲಿಲ್ಲ. ಗೋಡೆಯ ಚಿತ್ರಗಳೂ ಹೋಗಿಲ್ಲವಂತೆ. ಇರಲಿ.

ಪಾಲಕರಲ್ಲಿ ನನ್ನ ಬಿನ್ನಹ ಇಷ್ಟೇ. ಮಕ್ಕಳು ಕೇಳುವ ಹಾಡನ್ನು ಅವರೊಡನೆ ಕುಳಿತು ಒಮ್ಮೆಯಾದರೂ ಪೂರ್ತಿ ಕೇಳಿರಿ. ಅದರ ಅರ್ಥವನ್ನು ಕನ್ನಡದಲ್ಲಿ, ಮನೆಯ ಕನ್ನಡದಲ್ಲಿ, ಬಿಡಿಸಿ ಹೇಳಲು ಕೇಳಿರಿ. ಹೇಳುವಾಗ ಅವರ ಭಾಷೆಯನ್ನು ತಿದ್ದಬೇಡಿರಿ. ಹಾಡಿದವನ ಬದುಕಿನಲ್ಲಿ ಕೆಡುಕೇನಾದರೂ ಇದ್ದರೆ ಅದನ್ನೂ ಮುಚ್ಚಿಡದೆ ಚರ್ಚಿಸಿರಿ. ನಮ್ಮ ಮಕ್ಕಳು ನಾವು ತಿಳಿದುದಕ್ಕಿಂತ ಹೆಚ್ಚು ವಿವೇಕಿಗಳು. ಅನಂತರ, ನಿನ್ನ ಓಣಿಯ ಮೇಲೆ, ನಿನ್ನ ಶಾಲೆಯ ಮೇಲೆ, ನಿನ್ನ ಸಿಟ್ಟಿನ ಮೇಲೆ ನೀನೇ ನಾಲ್ಕು ಸಾಲು ಕಟ್ಟು ಎಂದು ಹೇಳಿರಿ. ಗಡಿಯ ಈಚೆ ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಠರಾವು ಪಾಸು ಮಾಡುತ್ತೇವೆ. ತನ್ನ ಕನ್ನಡದಲ್ಲಿ ಬಾಯಿ ತೆರೆಯಲು ನಾಚುವ ಮಗುವಿನ ಮುಂದೆ ಆ ಠರಾವು ಬರಿಯ ಕಾಗದ. ಶಿಕ್ಷಕ ಬಂಧುಗಳಿಗೂ ಇದನ್ನೇ ಹೇಳುತ್ತಿದ್ದೇನೆ, ತಪ್ಪು ಮಾಡಿದವನ ಅಧಿಕಾರದಿಂದ.

ಕಳೆದ ವಾರ ಆ ಹುಡುಗ ನನಗೆ ಒಂದು ಹಾಳೆಯನ್ನು ಕಳಿಸಿದ್ದಾನೆ. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನ ಮೇಲೆ, ಅದರಲ್ಲಿ ಮೂರು ಭಾಷೆಗಳಲ್ಲಿ ಬೈಸಿಕೊಳ್ಳುತ್ತ ಕಾಲೇಜಿಗೆ ಹೋಗುವ ಹುಡುಗನ ಮೇಲೆ, ಮೂರು ನುಡಿಯ ಒಂದು ಪದ ಕಟ್ಟಿದ್ದಾನೆ. ಅಜ್ಜನ ಮೇಳದಲ್ಲಿ, ಶಿವರಾತ್ರಿಯ ಜಾಗರಣೆಯಂದು ಅದನ್ನು ಹಾಡುವ ವಿಚಾರವಿದೆಯಂತೆ. ತಿದ್ದಿ ಕೊಡಿರಿ ಎಂದು ಕೇಳಿದ್ದಾನೆ. ಎಲ್ಲವೂ ಮನೆಯ ಮಾತು. ನನ್ನ ಹಳೆಯ ಕಣ್ಣಿಗೆ ಹತ್ತಾರು "ತಪ್ಪು"ಗಳು ಕಂಡವು. ಕೆಂಪು ಪೆನ್ನನ್ನು ಮೇಜಿನ ಖಾನೆಯೊಳಗೆ ಹಾಕಿ, ಪೆನ್ಸಿಲಿನಿಂದ ಒಂದೇ ಒಂದು ಪ್ರಶ್ನೆಯನ್ನು ಬರೆದು ಹಾಳೆಯನ್ನು ಮರಳಿಸಿದ್ದೇನೆ. ಪದದ ಕೊನೆಯ ಸಾಲಿನಲ್ಲಿ ಅಂಕಿತ ಇರಬೇಕಲ್ಲವೇ? ಅವನು ಆ ಜಾಗವನ್ನು ಖಾಲಿ ಬಿಟ್ಟಿದ್ದ.

ಉತ್ತರ ಇನ್ನೂ ಬಂದಿಲ್ಲ. ಶಿವರಾತ್ರಿಗೆ ಇನ್ನೂ ಸಮಯವಿದೆ.